ಮೂಗಿಗಿಂತ ಭಾರವಾದ ಮೂಗುತಿ

ಹಳೆಯ ಸಣ್ಣ ಕಾರಿಗೆ ಟರ್ಬೊ ಕೂಡಿಸುವ ಹಂಬಲದ ಲೆಕ್ಕಾಚಾರ

ಅಂಕೋಲಾದ ಕಡಲಂಚಿನಿಂದ ಹೊರಟು, ಅರಬೈಲ್ ಘಾಟಿಯನ್ನೇರಿ, ಯಲ್ಲಾಪುರದ ಕಾಡಿನ ನಡುವೆ ಹಾದು ಹುಬ್ಬಳ್ಳಿಗೆ ಹೋಗುವ 52ನೆಯ ರಾಷ್ಟ್ರೀಯ ಹೆದ್ದಾರಿ ಅಲ್ಲಿಗೇ ಮುಗಿಯುವುದಿಲ್ಲ. ಅದು ಬಯಲಿಗಿಳಿದು, ಕೊಲ್ಹಾರದ ಬಳಿ ಕೃಷ್ಣೆಯನ್ನು ದಾಟಿ, ವಿಜಯಪುರವನ್ನು ಮುಟ್ಟಿ ಸೊಲ್ಲಾಪುರದತ್ತ ಸಾಗುತ್ತದೆ. ಘಾಟಿಯ ಹಳ್ಳಿಗಳೂ ವಿಜಯಪುರದ ಬಯಲೂ ಒಂದೇ ದಾರಿಯ ಮೇಲಿವೆ. ಬಯಲಿನಲ್ಲಿ ಹುಟ್ಟಿದ ವೇಗದ ಹುಚ್ಚು ಘಾಟಿಯ ತಿರುವಿಗೆ ಬಂದು ಮುಗ್ಗರಿಸುತ್ತದೆ. ಘಾಟಿಯಲ್ಲಿ ಕಡಿದ ಮರದ ಬಿಸಿ ಬಯಲಿನ ಮಳೆಯನ್ನು ತಟ್ಟುತ್ತದೆ. ಆದುದರಿಂದ ವಿಜಯಪುರದ ಕಾರಿನ ಮಾತು ಮಲೆನಾಡಿನ ಪತ್ರಿಕೆಗೆ ಪರರ ಮನೆಯ ಮಾತಲ್ಲ.

ವಿಜಯಪುರದಿಂದ ಪಶ್ಚಿಮಕ್ಕೆ ಅಥಣಿಯ ದಾರಿಯಲ್ಲಿ ಸುಮಾರು 20 ಕಿ.ಮೀ. ಹೋದರೆ ತಿಕೋಟಾ, ನೈರುತ್ಯಕ್ಕೆ ಸುಮಾರು 25 ಕಿ.ಮೀ. ಹೋದರೆ ಬಬಲೇಶ್ವರ. ದ್ರಾಕ್ಷಿ, ಕಬ್ಬು, ಜೋಳದ ಈ ಸೀಮೆಯಲ್ಲಿ ಹದಿನೈದು ಇಪ್ಪತ್ತು ವರ್ಷ ದುಡಿದ ಸಣ್ಣ ಕಾರುಗಳು ಇಂದಿಗೂ ಓಡುತ್ತಿವೆ. ಮಲೆನಾಡಿನ ಅಡಿಕೆ ತೋಟದ ಅಂಗಳಗಳಲ್ಲಿಯೂ ಅವೇ ಕಾರುಗಳು ನಿಂತಿವೆ. ಇಂಥ ಹಳೆಯ ಕಾರನ್ನು ಇಟ್ಟುಕೊಂಡ ತರುಣರಲ್ಲಿ ಒಂದು ಹೊಸ ಆಸೆ ಮೊಳೆಯುತ್ತಿದೆ: ಕಾರನ್ನು ಮಾರುವುದು ಬೇಡ, ಹೊಸದನ್ನು ಕೊಳ್ಳುವುದೂ ಬೇಡ, ಇರುವ ಎಂಜಿನ್ನಿಗೇ ಒಂದು ಟರ್ಬೊ ಕೂಡಿಸಿಬಿಟ್ಟರೆ ಸಾಕು. ಈ ಆಸೆಗೆ ಈಚೆಗೆ ಪರಿಸರದ ಹಸಿರು ಶಾಲನ್ನೂ ಹೊದಿಸಲಾಗುತ್ತಿದೆ. ‘ಹಳೆಯದನ್ನು ಎಸೆಯದೆ ಬಳಸುತ್ತಿದ್ದೇವೆ, ಇದೂ ಪರಿಸರ ರಕ್ಷಣೆಯೇ ಅಲ್ಲವೇ’ ಎಂಬುದು ವಾದ. ಈ ಶಾಲನ್ನು ಸರಿಸಿ ಒಳಗೇನಿದೆ ಎಂದು ನೋಡುವುದು ಅಗತ್ಯವಾಗಿದೆ.

ವಾದದ ಸತ್ಯಾಂಶ

ಎದುರಾಳಿಯ ಮಾತಿನಲ್ಲಿ ನಿಜವಿದ್ದರೆ ಮೊದಲು ಅದನ್ನು ಒಪ್ಪಬೇಕು. ಹೊಸ ಕಾರೊಂದನ್ನು ತಯಾರಿಸಲು ಉಕ್ಕು, ಅಲ್ಯೂಮಿನಿಯಂ, ಗಾಜು, ರಬ್ಬರು, ಪ್ಲಾಸ್ಟಿಕ್ಕು ಎಲ್ಲವೂ ಬೇಕು. ಅದು ಶೋರೂಮಿನಿಂದ ಒಂದು ಗೇಣೂ ಸರಿಯುವ ಮೊದಲೇ ಹಲವು ಟನ್ ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರಿರುತ್ತದೆ. ಅದರ ಉಕ್ಕಿಗಾಗಿ ಯಾವುದೋ ಬೆಟ್ಟ ಬಗೆಯಲ್ಪಟ್ಟಿರುತ್ತದೆ. ಬಳ್ಳಾರಿಯ ಅದಿರು ಹೊತ್ತ ಲಾರಿಗಳ ಸಾಲು ಅಂಕೋಲಾದ ಬೇಲೆಕೇರಿಯತ್ತ ಹಗಲಿರುಳು ಇಳಿದ ದಿನಗಳನ್ನು ಕಂಡ ಘಾಟಿಯ ಜನರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದುದರಿಂದ ಕಡಿಮೆ ಓಡುವ ಹಳೆಯ ಕಾರನ್ನು ಸುಸ್ಥಿತಿಯಲ್ಲಿಟ್ಟು ಇನ್ನಷ್ಟು ಕಾಲ ಬಳಸುವುದು ಅನೇಕ ಸಂದರ್ಭಗಳಲ್ಲಿ ವಿವೇಕದ ಕೆಲಸವೇ ಹೌದು.

ಟರ್ಬೊ ಎಂಬುದು ಕೆಟ್ಟ ಯಂತ್ರವೆಂದೂ ಹೇಳಲಾಗದು. ದೊಡ್ಡ ಎಂಜಿನ್ನಿನ ಬದಲು ಸಣ್ಣ ಎಂಜಿನ್ನನ್ನಿಟ್ಟು, ಬೇಕಾದಾಗ ಮಾತ್ರ ಹೆಚ್ಚು ಗಾಳಿ ಊಡಿ, ಉಳಿದ ಹೊತ್ತು ಇಂಧನ ಉಳಿಸುವ ವಿನ್ಯಾಸಗಳು ಬಂದಿವೆ. ಭಾರತದಲ್ಲಿಯೂ ಒಂದು ಲೀಟರಿನ ಮೂರು ಸಿಲಿಂಡರ್ ಟರ್ಬೊ ಪೆಟ್ರೋಲ್ ಕಾರುಗಳು 2013ರಿಂದ ಮಾರುಕಟ್ಟೆಯಲ್ಲಿವೆ. ಆದರೆ ಹಳೆಯದನ್ನು ಉಳಿಸುವುದು ಬೇರೆ, ಹಳೆಯದನ್ನು ಉಬ್ಬಿಸುವುದು ಬೇರೆ. ಕಾರ್ಖಾನೆಯಲ್ಲಿ ಟರ್ಬೊಗೆಂದೇ ಹುಟ್ಟಿದ ಎಂಜಿನ್ ಬೇರೆ, ಟರ್ಬೊವನ್ನು ಕನಸಿನಲ್ಲಿಯೂ ಕಾಣದೆ ಹುಟ್ಟಿದ ಎಂಜಿನ್ ಬೇರೆ. ವಾದದ ಮೋಸವೆಲ್ಲ ಈ ಎರಡು ವ್ಯತ್ಯಾಸಗಳನ್ನು ಮರೆಸುವುದರಲ್ಲಿದೆ.

ಟರ್ಬೊ ಮಾಡುವುದೇನು?

ಎಂಜಿನ್ನಿನಿಂದ ಹೊರಬರುವ ಬಿಸಿ ಹೊಗೆ ಒಂದು ಪುಟ್ಟ ಚಕ್ರವನ್ನು ತಿರುಗಿಸುತ್ತದೆ. ಅದೇ ಅಚ್ಚಿನ ಇನ್ನೊಂದು ತುದಿಯ ಚಕ್ರ ಹೊರಗಿನ ಗಾಳಿಯನ್ನು ಒತ್ತಿ ಎಂಜಿನ್ನಿನೊಳಕ್ಕೆ ತುಂಬುತ್ತದೆ. ಈ ಚಕ್ರಗಳು ನಿಮಿಷಕ್ಕೆ ಒಂದು ಲಕ್ಷಕ್ಕೂ ಹೆಚ್ಚು ಸುತ್ತು ತಿರುಗುತ್ತವೆ. ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಕಿ ಎಂಬ ಎಂಜಿನಿಯರ್ ಇದಕ್ಕೆ 1905ರಲ್ಲಿಯೇ ಪೇಟೆಂಟ್ ಪಡೆದಿದ್ದನು.

ಇಲ್ಲಿ ಮರೆಯಬಾರದ ಮಾತೊಂದಿದೆ. ಟರ್ಬೊ ಶಕ್ತಿಯನ್ನು ಸೃಷ್ಟಿಸುವುದಿಲ್ಲ. ಅದು ಗಾಳಿಯನ್ನು ಮಾತ್ರ ಕೊಡುತ್ತದೆ. ಶಕ್ತಿ ಬರುವುದು ಪೆಟ್ರೋಲಿನಿಂದ. ಒಂದು ಕೆ.ಜಿ. ಪೆಟ್ರೋಲು ಸರಿಯಾಗಿ ಉರಿಯಲು ಸುಮಾರು 14.7 ಕೆ.ಜಿ. ಗಾಳಿ ಬೇಕು. ಒಂದೂವರೆ ಪಾಲು ಗಾಳಿ ಒಳಗೆ ಹೋದರೆ ಒಂದೂವರೆ ಪಾಲು ಪೆಟ್ರೋಲೂ ಹೋಗಲೇಬೇಕು. ಒಲೆಗೆ ಊದುಗೊಳವೆಯಿಂದ ಊದಿದರೆ ಬೆಂಕಿ ಹೆಚ್ಚುವುದೇನೋ ನಿಜ, ಆದರೆ ಕಟ್ಟಿಗೆ ಉಳಿಯುವುದಿಲ್ಲ, ಬೇಗ ಬೂದಿಯಾಗುತ್ತದೆ.

‘ಬೆಟ್ಟದ ದಾರಿಗೆ ಟರ್ಬೊ ಬೇಕೇಬೇಕು’ ಎಂಬ ಮಾತನ್ನೂ ಪರೀಕ್ಷಿಸಬೇಕು. ಎತ್ತರಕ್ಕೆ ಹೋದಂತೆ ಗಾಳಿ ತೆಳುವಾಗುವುದು ನಿಜ. ಅಮೆರಿಕದ ಸ್ಯಾನ್‌ಫರ್ಡ್ ಮಾಸ್ 1918ರಲ್ಲಿ ಪೈಕ್ಸ್ ಪೀಕ್ ಎಂಬ ಪರ್ವತದ ನೆತ್ತಿಯಲ್ಲಿ, 4,000 ಮೀಟರಿಗೂ ಹೆಚ್ಚಿನ ಎತ್ತರದಲ್ಲಿ, ವಿಮಾನದ ಎಂಜಿನ್ನಿಗೆ ಟರ್ಬೊ ಕೂಡಿಸಿ ಪರೀಕ್ಷಿಸಿದ್ದು ಇದೇ ಕಾರಣಕ್ಕೆ. ಆದರೆ ಸಹ್ಯಾದ್ರಿಯ ಘಾಟಿ ರಸ್ತೆಗಳ ನೆತ್ತಿ ಬಹುಪಾಲು 1,000 ಮೀಟರಿನ ಒಳಗಿದೆ. ಅಲ್ಲಿ ಎಂಜಿನ್ ಕಳೆದುಕೊಳ್ಳುವ ಬಲ ಹತ್ತರಲ್ಲಿ ಒಂದು ಪಾಲು ಮಾತ್ರ. ಅದನ್ನು ತುಂಬಿಕೊಳ್ಳಲು ಎರಡನೆಯ ಗೇರು ಸಾಕು. ಅಷ್ಟಕ್ಕೂ ಘಾಟಿಯನ್ನು ಏರಿದವನು ಇಳಿಯಲೂ ಬೇಕು. ಏರುವಾಗ ಬೀಗುವ ಟರ್ಬೊ ಇಳಿಯುವಾಗ ಯಾವ ನೆರವನ್ನೂ ನೀಡದು. ಆಗ ಕಾಯುವುದು ಬ್ರೇಕು ಮತ್ತು ಚಾಲಕನ ತಾಳ್ಮೆ.

ಒತ್ತಡ ಮತ್ತು ಪಾತ್ರೆ: ಆದಿಲ್‌ಶಾಹಿ ಕಾಲದ ಪಾಠ

ಒತ್ತಡದ ವಿಷಯದಲ್ಲಿ ವಿಜಯಪುರಕ್ಕೆ ಹೊರಗಿನಿಂದ ಯಾರೂ ಬುದ್ಧಿ ಹೇಳಬೇಕಾಗಿಲ್ಲ. ಆದಿಲ್‌ಶಾಹಿ ಅರಸರ ಕಾಲದಲ್ಲಿ ತೊರವಿಯ ಕಡೆಯಿಂದ ಸುರಂಗದಲ್ಲಿಯೂ, 1651ರಲ್ಲಿ ಕಟ್ಟಿದ ಬೇಗಂ ತಾಲಾಬ್‌ನಿಂದ ಮಣ್ಣಿನ ಕೊಳವೆಗಳಲ್ಲಿಯೂ ನಗರಕ್ಕೆ ನೀರು ಹರಿದು ಬರುತ್ತಿತ್ತು. ಆ ಕೊಳವೆಗಳ ದಾರಿಯಲ್ಲಿ ಅಲ್ಲಲ್ಲಿ ಎತ್ತರವಾದ ಕಲ್ಲಿನ ಗೋಪುರಗಳನ್ನು ಕಟ್ಟಿದ್ದರು. ‘ಗಂಜ್’ ಎಂದು ಕರೆಯುವ ಈ ಗೋಪುರಗಳಲ್ಲಿ ಕೆಲವು ಇಂದಿಗೂ ನಗರದಲ್ಲಿ ನಿಂತಿವೆ. ಅವುಗಳ ಕೆಲಸ ನೀರಿನ ಒತ್ತಡವನ್ನು ಇಳಿಸುವುದು. ಕೊಳವೆ ಮಣ್ಣಿನದು, ಅದು ತಾಳುವಷ್ಟೇ ಒತ್ತಡವನ್ನು ಅದರ ಮೇಲೆ ಹೇರಬೇಕು ಎಂಬುದು ಆ ಕಾಲದ ಕುಶಲಕರ್ಮಿಗಳಿಗೆ ತಿಳಿದಿತ್ತು. ಅದೇ ಗೋಪುರದ ನೆರಳಿನಲ್ಲಿ ನಿಂತು ಇಂದಿನವರು ಮಣ್ಣಿನ ಕೊಳವೆಯಂಥ ಎಂಜಿನ್ನಿಗೆ ಉಕ್ಕಿನ ಕೊಳವೆಯ ಒತ್ತಡವನ್ನು ಹೇರಲು ಹೊರಟಿರುವುದು ವಿಪರ್ಯಾಸ.

ಹಳೆಯ ಸಣ್ಣ ಕಾರು ಎಂದಾಗ ಮೊದಲು ನೆನಪಾಗುವುದು ಮಾರುತಿ 800. 1983ರ ಡಿಸೆಂಬರಿನಲ್ಲಿ ಬಂದು 2014ರ ಜನವರಿಯಲ್ಲಿ ತಯಾರಿಕೆ ನಿಂತ ಈ ಕಾರಿನ ಎಂಜಿನ್ 796 ಸಿ.ಸಿ., ಮೂರು ಸಿಲಿಂಡರ್. ಕೊನೆಯ ವರ್ಷಗಳ ಮಾದರಿಯಲ್ಲಿ ಅದರ ಬಲ ಸುಮಾರು 37 ಅಶ್ವಶಕ್ತಿ. ಕಾರಿನ ತೂಕ ಸುಮಾರು 650 ಕೆ.ಜಿ. ಚಕ್ರಗಳು 12 ಇಂಚಿನವು. ಎಂಜಿನ್, ಗೇರುಪೆಟ್ಟಿಗೆ, ಕ್ಲಚ್ಚು, ಬ್ರೇಕು, ಟೈರು ಎಲ್ಲವೂ ಒಂದಕ್ಕೊಂದು ಹೊಂದಿಕೊಂಡ ಒಂದು ಬಡ ಸಂಸಾರವಿದು. ಇದರಲ್ಲಿ ಒಬ್ಬನಿಗೆ ಮಾತ್ರ ಮೃಷ್ಟಾನ್ನ ಉಣಿಸಿದರೆ ಸಂಸಾರ ನಡೆಯದು.

ಗಾಳಿಯನ್ನು ಒತ್ತಿದಾಗ ಅದು ಬಿಸಿಯಾಗುತ್ತದೆ. ಸೈಕಲ್ ಪಂಪಿನ ತಳವನ್ನು ಮುಟ್ಟಿ ನೋಡಿದ ಮಕ್ಕಳಿಗೂ ಇದು ಗೊತ್ತು. ವಿಜಯಪುರದ ಬೇಸಿಗೆಯಲ್ಲಿ ಹೊರಗಿನ ಗಾಳಿಯೇ 40 ಡಿಗ್ರಿ. ಅದನ್ನು ಒಂದೂವರೆ ಪಟ್ಟು ಒತ್ತಿದರೆ ಸಣ್ಣ ಟರ್ಬೊವಿನಿಂದ ಹೊರಬೀಳುವಾಗ ಅದರ ಬಿಸಿ ಸುಮಾರು 100 ಡಿಗ್ರಿ. ಈ ಕಾದ ಗಾಳಿ ಪೆಟ್ರೋಲಿನೊಡನೆ ಬೆರೆತು, ಈಗಾಗಲೇ ಒಂಬತ್ತು ಪಟ್ಟಿನ ಆಸುಪಾಸಿನಲ್ಲಿ ಅದುಮುವ ಸಿಲಿಂಡರಿನೊಳಗೆ ಇನ್ನಷ್ಟು ಅದುಮಲ್ಪಟ್ಟಾಗ, ಕಿಡಿ ತಾಗಿ ಕ್ರಮವಾಗಿ ಉರಿಯುವ ಬದಲು ಅಲ್ಲಲ್ಲಿ ತಾನೇ ಸಿಡಿಯುತ್ತದೆ. ಗ್ಯಾರೇಜಿನವರು ನಾಕಿಂಗ್ ಎನ್ನುವುದು ಇದನ್ನೇ. ಪಿಸ್ಟನ್ನಿನ ತಲೆ ತೂತಾಗುವುದು, ರಿಂಗು ಒಡೆಯುವುದು, ಹೆಡ್ ಗ್ಯಾಸ್ಕೆಟ್ ಸುಡುವುದು ಎಲ್ಲವೂ ಅದರ ಸಂತಾನ. ತಡೆಯಲು ಒತ್ತಿದ ಗಾಳಿಯನ್ನು ತಂಪಾಗಿಸುವ ಇಂಟರ್‌ಕೂಲರ್ ಬೇಕು, ಕಿಡಿಯ ಹೊತ್ತನ್ನು ಹಿಂದೆ ಸರಿಸಬೇಕು, ಇಂಧನವನ್ನು ಹೆಚ್ಚಿಸಬೇಕು, ಕೊನೆಗೆ ಪಿಸ್ಟನ್ನುಗಳನ್ನೇ ಬದಲಿಸಬೇಕು.

ಚರಿತ್ರೆಯಲ್ಲಿ ಇದಕ್ಕೆ ಸಾಕ್ಷಿಯಿದೆ. ಜಗತ್ತಿನಲ್ಲಿ ಮೊದಲು ಮಾರಾಟಕ್ಕೆ ಬಂದ ಟರ್ಬೊ ಕಾರುಗಳಲ್ಲಿ 1962ರ ಓಲ್ಡ್ಸ್‌ಮೊಬೈಲ್ ಜೆಟ್‌ಫೈರ್ ಒಂದು. ಅದರ ಎಂಜಿನ್ನಿನ ಅದುಮು ಪ್ರಮಾಣ 10.25. ನಾಕಿಂಗ್ ತಡೆಯಲು ನೀರು ಮತ್ತು ಮೆಥನಾಲ್ ಬೆರೆಸಿದ ದ್ರವವನ್ನು ಆಗಾಗ್ಗೆ ತುಂಬಿಸಬೇಕಾಗಿತ್ತು. ಮಾಲೀಕರು ಮರೆತರು, ತೊಂದರೆಗಳು ಹೆಚ್ಚಿದವು. ಎರಡೇ ವರ್ಷಗಳಲ್ಲಿ ಮಾದರಿಯೇ ನಿಂತುಹೋಗಿ, ಎಷ್ಟೋ ಕಾರುಗಳಿಂದ ಟರ್ಬೊ ಕಳಚಿ ಸಾಧಾರಣ ಕಾರ್ಬ್ಯುರೇಟರ್ ಕೂಡಿಸಲಾಯಿತು. ಕಾರ್ಖಾನೆಯ ಎಂಜಿನಿಯರುಗಳೇ ಮುಗ್ಗರಿಸಿದ ಕಡೆ ರಸ್ತೆ ಬದಿಯ ವೆಲ್ಡಿಂಗ್ ಅಂಗಡಿ ಗೆಲ್ಲುತ್ತದೆಂದು ನಂಬುವುದು ಹೇಗೆ?

‘ಜಪಾನಿನಲ್ಲಿ ಮಾರುತಿಯ ದಾಯಾದಿಗೇ ಟರ್ಬೊ ಇತ್ತಲ್ಲ’ ಎಂದು ತಿಳಿದವರು ಕೇಳಬಹುದು. ಇತ್ತು. 1987ರ ಸುಜುಕಿ ಆಲ್ಟೊ ವರ್ಕ್ಸ್ 543 ಸಿ.ಸಿ. ಎಂಜಿನ್ನಿನಿಂದಲೇ 64 ಅಶ್ವಶಕ್ತಿ ಕೊಡುತ್ತಿತ್ತು. ಆದರೆ ಅದರ ಎಂಜಿನ್ನಿನ ತಲೆಭಾಗದಿಂದ ಇಂಟರ್‌ಕೂಲರ್‌ವರೆಗೆ ಎಲ್ಲವನ್ನೂ ಒಟ್ಟಿಗೆ ಯೋಚಿಸಿ ಕಾರ್ಖಾನೆಯಲ್ಲಿ ರೂಪಿಸಲಾಗಿತ್ತು. ಇನ್ನೊಂದು ಸಂಗತಿ ಅದಕ್ಕಿಂತಲೂ ಮುಖ್ಯ: ಆ 64 ಅಶ್ವಶಕ್ತಿಯನ್ನೇ ಜಪಾನಿನ ಕಾರು ತಯಾರಕರು ಸಣ್ಣ ಕಾರುಗಳ ಗಡಿಯೆಂದು ತಮ್ಮೊಳಗೆ ಒಪ್ಪಿಕೊಂಡರು. ಟರ್ಬೊ ಮಾಡಬಲ್ಲವರೇ ‘ಇಲ್ಲಿಗೆ ಸಾಕು’ ಎಂದರು. ಇಲ್ಲಿ ಅದನ್ನು ಮಾಡಲಾಗದವರು ‘ಇನ್ನೂ ಬೇಕು’ ಎನ್ನುತ್ತಿದ್ದಾರೆ.

ಖರ್ಚಿನ ಪಟ್ಟಿ

ಟರ್ಬೊ ಎಂದರೆ ಒಂದು ಬಿಡಿಭಾಗವಲ್ಲ, ಅದೊಂದು ಮೆರವಣಿಗೆ. ಟರ್ಬೊ ಮುಂದೆ ನಡೆದರೆ ಹಿಂದೆ ಬರುವವರು ಇವರು: ಹೊಗೆ ಹೊರಹೋಗಲು ಹೊಸ ಮ್ಯಾನಿಫೋಲ್ಡ್, ಟರ್ಬೊಗೆ ಎಣ್ಣೆ ಹೋಗಿ ಬರುವ ಕೊಳವೆಗಳು, ಇಂಟರ್‌ಕೂಲರ್ ಮತ್ತು ಅದರ ಪೈಪುಗಳು, ಒತ್ತಡ ಮೀರದಂತೆ ತಡೆಯುವ ಕವಾಟ, ಹೆಚ್ಚು ಪೆಟ್ರೋಲ್ ಚಿಮ್ಮುವ ಇಂಜೆಕ್ಟರುಗಳು, ದೊಡ್ಡ ಪೆಟ್ರೋಲ್ ಪಂಪು, ಇವನ್ನೆಲ್ಲ ಆಳಲು ಹೊಸ ಇ.ಸಿ.ಯು., ಅದನ್ನು ಹದಗೊಳಿಸಬಲ್ಲ ತಜ್ಞ. ಬಳಿಕ ಬಲವಾದ ಕ್ಲಚ್ಚು, ದೊಡ್ಡ ರೇಡಿಯೇಟರು, ಉತ್ತಮ ಬ್ರೇಕು, ಅಗಲವಾದ ಟೈರು. ಇದಕ್ಕೆಲ್ಲ ಮೊದಲು, ಲಕ್ಷಾಂತರ ಕಿಲೋಮೀಟರ್ ಓಡಿದ ಎಂಜಿನ್ನನ್ನು ಇಳಿಸಿ, ಬೋರು ಮಾಡಿಸಿ, ರಿಂಗು ಪಿಸ್ಟನ್ನು ಬದಲಿಸುವ ಕೆಲಸ. ಸರಿಯಾಗಿ ಮಾಡಿದರೆ ಲಕ್ಷ ರೂಪಾಯಿಯ ಗಡಿಯನ್ನು ದಾಟದೆ ಈ ಮೆರವಣಿಗೆ ಊರು ಸೇರದು; ಹಲವು ಲಕ್ಷ ನುಂಗಿದರೂ ಅಚ್ಚರಿಯಿಲ್ಲ. ಅಷ್ಟು ಹೊತ್ತಿಗೆ ಆ ಹಳೆಯ ಕಾರಿನ ಮಾರುಕಟ್ಟೆಯ ಬೆಲೆಗಿಂತ ಟರ್ಬೊವಿನ ಖರ್ಚೇ ಹೆಚ್ಚಾಗಿರುತ್ತದೆ. ಮೂಗಿಗಿಂತ ಮೂಗುತಿ ಭಾರ ಎಂಬ ಗಾದೆ ಹುಟ್ಟಿದ್ದು ಇಂಥ ಸಂದರ್ಭಕ್ಕೇ ಇರಬೇಕು.

ಅಗ್ಗದ ದಾರಿಗಳನ್ನು ತೋರಿಸುವವರೂ ಇದ್ದಾರೆ. ಗುಜರಿಯಿಂದ ಡೀಸೆಲ್ ಕಾರಿನ ಟರ್ಬೊ ತಂದು ಕೂಡಿಸುವುದು ಒಂದು. ಡೀಸೆಲ್ ಹೊಗೆಗಿಂತ ಪೆಟ್ರೋಲ್ ಹೊಗೆಯ ಬಿಸಿ ಬಹಳ ಹೆಚ್ಚು. ಪೂರ್ಣ ಭಾರದಲ್ಲಿ 900 ಡಿಗ್ರಿ ಮುಟ್ಟುವುದುಂಟು. ಆ ಬಿಸಿಗೆಂದು ಮಾಡಿರದ ಲೋಹ ಎಷ್ಟು ದಿನ ತಾಳೀತು? ವಿದ್ಯುತ್ತಿನ ಪುಟ್ಟ ಫ್ಯಾನನ್ನು ಗಾಳಿಯ ಕೊಳವೆಗೆ ಸಿಕ್ಕಿಸಿ ಅದನ್ನೇ ಟರ್ಬೊ ಎನ್ನುವುದು ಇನ್ನೊಂದು. ನಿಮಿಷಕ್ಕೆ 5,000 ಸುತ್ತು ತಿರುಗುವ 796 ಸಿ.ಸಿ. ಎಂಜಿನ್ ಒಂದು ನಿಮಿಷದಲ್ಲಿ 1,500 ಲೀಟರಿಗೂ ಹೆಚ್ಚು ಗಾಳಿಯನ್ನು ತಾನಾಗಿಯೇ ಎಳೆದುಕೊಳ್ಳುತ್ತದೆ. ಅಂಥ ಹಸಿವಿನ ಮುಂದೆ ಆ ಫ್ಯಾನು ಗಾಳಿ ತುಂಬುವುದಿರಲಿ, ದಾರಿಗೆ ಅಡ್ಡ ನಿಲ್ಲುತ್ತದೆ. ಇದರ ಮೇಲೆ ಎರೆಮಣ್ಣಿನ ಸೀಮೆಯ ಧೂಳು. ಏರ್ ಫಿಲ್ಟರನ್ನು ದಾಟಿ ನುಸುಳಿದ ಧೂಳು ಲಕ್ಷ ಸುತ್ತಿನ ಚಕ್ರಕ್ಕೆ ಮರಳುಕಾಗದವಿದ್ದಂತೆ.

ಇಷ್ಟೆಲ್ಲ ಸುರಿದು ಪಡೆಯುವುದೇನು? ತಿಕೋಟಾದಿಂದ ವಿಜಯಪುರಕ್ಕೆ 20 ಕಿ.ಮೀ. ಎಂದು ಹಿಡಿದು ಸರಾಸರಿ ವೇಗವನ್ನು 50 ಕಿ.ಮೀ.ಯಿಂದ 60ಕ್ಕೆ ಏರಿಸಿದರೆ, 24 ನಿಮಿಷದ ಪ್ರಯಾಣ 20 ನಿಮಿಷವಾಗುತ್ತದೆ. ಉಳಿತಾಯ ನಾಲ್ಕು ನಿಮಿಷ. ನಗರದ ಮೊದಲ ಸಿಗ್ನಲ್ಲಿನಲ್ಲಿ ಅದರಲ್ಲೊಂದು ಪಾಲು ಕರಗಿಹೋಗುತ್ತದೆ. ಬದಲಿಗೆ ತೆರುವುದೇನು? ದಿನಕ್ಕೆ 40 ಕಿ.ಮೀ.ಯಂತೆ ವರ್ಷಕ್ಕೆ 300 ದಿನ ಓಡಿಸಿದರೆ 12,000 ಕಿ.ಮೀ. ಲೀಟರಿಗೆ 16 ಕಿ.ಮೀ. ಕೊಡುತ್ತಿದ್ದ ಕಾರು, ಹೊಸ ಬಲವನ್ನು ಬಳಸುವ ಕಾಲಿನ ಕೆಳಗೆ 13ಕ್ಕೆ ಇಳಿಯಿತೆಂದು ಇಟ್ಟುಕೊಳ್ಳಿ. ಆಗ ವರ್ಷಕ್ಕೆ ಸುಮಾರು 173 ಲೀಟರ್ ಹೆಚ್ಚು ಪೆಟ್ರೋಲು. ಲೀಟರಿಗೆ 100 ರೂಪಾಯಿ ಎಂದು ಹಿಡಿದರೂ 17,300 ರೂಪಾಯಿ. ಒಂದು ಲೀಟರ್ ಪೆಟ್ರೋಲು ಉರಿದರೆ ಸುಮಾರು 2.3 ಕೆ.ಜಿ. ಇಂಗಾಲದ ಡೈಆಕ್ಸೈಡ್, ಅಂದರೆ ವರ್ಷಕ್ಕೆ ನಾಲ್ಕು ಕ್ವಿಂಟಲ್‌ನಷ್ಟು ಹೆಚ್ಚುವರಿ ಹೊರೆ. ನಾಲ್ಕು ನಿಮಿಷಕ್ಕೆ ನಾಲ್ಕು ಕ್ವಿಂಟಲ್! ಇದನ್ನು ಪರಿಸರ ರಕ್ಷಣೆ ಎನ್ನುವುದಾದರೆ ಪರಿಸರ ನಾಶ ಎಂಬ ಪದಕ್ಕೆ ಬೇರೆ ಅರ್ಥ ಹುಡುಕಬೇಕಾದೀತು.

ಈಗಿನ ಪೆಟ್ರೋಲಿನಲ್ಲಿ 20 ಪಾಲು ಎಥನಾಲ್ ಬೆರೆತಿದೆ ಎಂಬುದನ್ನೂ ನೆನಪಿಡಬೇಕು. ಹಳೆಯ ಕಾರುಗಳ ಮೈಲೇಜು ಇದರಿಂದ ಶೇ. 6ರಿಂದ 7ರಷ್ಟು ಇಳಿಯಬಹುದೆಂದು ನೀತಿ ಆಯೋಗದ 2021ರ ವರದಿಯೇ ಅಂದಾಜಿಸಿತ್ತು. ಎಥನಾಲ್‌ಗೆಂದು ಮಾಡಿರದ ಹಳೆಯ ರಬ್ಬರ್ ಕೊಳವೆಗಳು, ಸೀಲುಗಳು ಬೇಗ ಸೋರುತ್ತವೆ. ಅಂಥ ಕೊಳವೆಗಳ ಪಕ್ಕದಲ್ಲಿಯೇ ಕೆಂಪಗೆ ಕಾಯುವ ಟರ್ಬೊವನ್ನು ಕೂರಿಸುವುದು ಹುಲ್ಲಿನ ಬಣವೆಯ ಪಕ್ಕ ಒಲೆ ಹೂಡಿದಂತೆ.

ಕಾನೂನು ಮತ್ತು ಹೊಗೆ

ತಾಂತ್ರಿಕವಾಗಿ ಸಾಧ್ಯವಾದರೂ ಕಾನೂನು ಒಪ್ಪುತ್ತದೆಯೇ? 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮಿನ ಪ್ರಕಾರ, ತಯಾರಕರು ಮೂಲದಲ್ಲಿ ಸೂಚಿಸಿದ ವಿವರಗಳಿಗೂ ನೋಂದಣಿ ಪುಸ್ತಕದ ವಿವರಗಳಿಗೂ ವ್ಯತ್ಯಾಸ ಬರುವಂತೆ ಮಾಲೀಕನು ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಈ ನಿಲುವನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯು ಅನಧಿಕೃತ ಮಾರ್ಪಾಡಿಗೆ ಆರು ತಿಂಗಳವರೆಗಿನ ಸೆರೆವಾಸ ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ ಅಥವಾ ಎರಡನ್ನೂ ವಿಧಿಸಿದೆ. ಅನುಮೋದಿತ ಕಿಟ್ ಬಳಸಿ ಸಿ.ಎನ್.ಜಿ., ಎಲ್.ಪಿ.ಜಿ. ಅಥವಾ ಬ್ಯಾಟರಿಗೆ ಬದಲಾಯಿಸಲು ಕಾಯ್ದೆಯೇ ಬಾಗಿಲು ತೆರೆದಿದೆ. ಟರ್ಬೊ ಕೂಡಿಸಿ ಬಲ ಹೆಚ್ಚಿಸಲು ಅಂಥ ಬಾಗಿಲಿಲ್ಲ. ವಿಮಾ ಕಂಪನಿಗೆ ತಿಳಿಸದ ಮಾರ್ಪಾಡು ಅಪಘಾತದ ದಿನ ಸ್ವಂತ ಹಾನಿಯ ಪರಿಹಾರವನ್ನೇ ಕಳೆಯಬಹುದು. ಹದಿನೈದು ವರ್ಷ ದಾಟಿದ ಕಾರಿನ ನೋಂದಣಿ ನವೀಕರಣಕ್ಕೆ 2022ರ ಏಪ್ರಿಲ್‌ನಿಂದ 5,000 ರೂಪಾಯಿ, ಇಪ್ಪತ್ತು ದಾಟಿದ ಕಾರಿಗೆ 2025ರ ಆಗಸ್ಟ್‌ನ ಅಧಿಸೂಚನೆಯಂತೆ 10,000 ರೂಪಾಯಿ ಶುಲ್ಕವಿದೆ. ಅಷ್ಟು ಕೊಟ್ಟು ತಪಾಸಣೆಗೆ ನಿಲ್ಲಿಸಿದ ದಿನ ಬಾನೆಟ್ಟಿನ ಕೆಳಗಿನ ಗುಟ್ಟು ರಟ್ಟಾದರೆ ಮಾಡಿದ ಖರ್ಚೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ.

‘ಎಮಿಷನ್ ಟೆಸ್ಟ್‌ನಲ್ಲಿ ಪಾಸಾಗುತ್ತದಲ್ಲ’ ಎಂಬುದು ಕೊನೆಯ ಗುರಾಣಿ. ಪಾಸಾಗಬಹುದು. ಏಕೆಂದರೆ ಪೆಟ್ರೋಲ್ ಕಾರನ್ನು ಪರೀಕ್ಷಿಸುವುದು ನಿಂತಲ್ಲಿ, ಎಂಜಿನ್ ಸುಮ್ಮನೆ ತಿರುಗುತ್ತಿರುವಾಗ. ಟರ್ಬೊ ಆಗ ನಿದ್ರಿಸುತ್ತಿರುತ್ತದೆ. ಅದು ಎಚ್ಚರಗೊಂಡು ಕಾರು ಏರು ಹತ್ತುವಾಗ, ನಾಕಿಂಗ್ ತಡೆಯಲೆಂದು ಹೆಚ್ಚುವರಿ ಪೆಟ್ರೋಲು ಚಿಮ್ಮಿಸಿದಾಗ ಹೊರಡುವ ಇಂಗಾಲದ ಮೊನಾಕ್ಸೈಡ್ ಮತ್ತು ಅರೆಬೆಂದ ಇಂಧನದ ಆವಿಯನ್ನು ಯಾವ ಚೀಟಿಯೂ ದಾಖಲಿಸುವುದಿಲ್ಲ. ಹೊಗೆ ತೊಳೆಯುವ ಕ್ಯಾಟಲಿಟಿಕ್ ಕನ್ವರ್ಟರ್ ಇದ್ದರೆ ಅದೂ ಅತಿಬಿಸಿಗೆ ಕೆಡುತ್ತದೆ; ಬಹಳ ಹಳೆಯ ಕಾರ್ಬ್ಯುರೇಟರ್ ಕಾರುಗಳಲ್ಲಿ ಅನೇಕಕ್ಕೆ ಅದೂ ಇಲ್ಲ. ಹೊಗೆಯನ್ನು ಕುಡಿಯುವುದು ಚೀಟಿಯಲ್ಲ. ರಸ್ತೆ ಬದಿಯಲ್ಲಿ ಶಾಲೆಗೆ ನಡೆದು ಹೋಗುವ ಮಗು.

ಹೊಸ ಮೋಟಾರಿಗೆ ಹೊಸ ನೀರು ಬಂತೇ?

ಟರ್ಬೊವಿನ ಮನೋಧರ್ಮ ತಿಕೋಟಾ, ಬಬಲೇಶ್ವರದ ರೈತರಿಗೆ ಅಪರಿಚಿತವಲ್ಲ. ಕೊಳವೆಬಾವಿಯ ನೀರು ಇಳಿದಾಗ ಇನ್ನೂ ಆಳಕ್ಕೆ ಕೊರೆಸಿದರು, ಐದು ಎಚ್.ಪಿ. ಮೋಟಾರು ಸಾಲದಾದಾಗ ಹತ್ತು ಎಚ್.ಪಿ. ಇಳಿಸಿದರು. ಮೊದಲ ವರ್ಷ ನೀರು ಚಿಮ್ಮಿತು. ಆಮೇಲೆ ಪಕ್ಕದ ಹೊಲದ ಬಾವಿಯೂ ಬತ್ತಿತು. ಮೋಟಾರು ದೊಡ್ಡದಾಯಿತೇ ಹೊರತು ನೆಲದೊಳಗಿನ ನೀರು ದೊಡ್ಡದಾಗಲಿಲ್ಲ. ಬರದ ವರ್ಷಗಳಲ್ಲಿ ಟ್ಯಾಂಕರಿನಲ್ಲಿ ನೀರು ತಂದು ದ್ರಾಕ್ಷಿಯ ಬಳ್ಳಿ ಉಳಿಸಿಕೊಂಡವರಿಗೆ ಈ ಪಾಠ ಮೈಮೇಲೆ ಬರೆದಂತಿದೆ. ಕೊನೆಗೆ ಆಸರೆಯಾಗಿದ್ದು ಹನಿ ನೀರಾವರಿ, ಕೃಷಿಹೊಂಡ, ಹೂಳೆತ್ತಿದ ಕೆರೆ. ಅಂದರೆ ಬಲ ಹೆಚ್ಚಿಸುವ ದಾರಿಯಲ್ಲ. ಸೋರುವುದನ್ನು ನಿಲ್ಲಿಸುವ ದಾರಿ.

ಕಾರಿಗೂ ಇದೇ ದಾರಿ. ಸೊರಗಿದ ಹಳೆಯ ಎಂಜಿನ್ನಿಗೆ ಬೇಕಾದುದು ಊದುವಿಕೆಯಲ್ಲ, ಉಪಚಾರ. ಕಂಪ್ರೆಶನ್ ಪರೀಕ್ಷೆ, ವಾಲ್ವಿನ ಸಂದು ಸರಿಪಡಿಸುವಿಕೆ, ಹೊಸ ಪ್ಲಗ್ಗು, ಶುಚಿಯಾದ ಏರ್ ಫಿಲ್ಟರು, ಕಾಲಕ್ಕೆ ಸರಿಯಾಗಿ ಎಣ್ಣೆ, ಹಿಡಿದುಕೊಳ್ಳದ ಬ್ರೇಕು, ಸರಿಯಾದ ಗಾಳಿಯ ಟೈರು, ಎಥನಾಲ್ ತಾಳುವ ಹೊಸ ಕೊಳವೆ. ಟರ್ಬೊವಿನ ಖರ್ಚಿನ ಒಂದು ಸಣ್ಣ ಪಾಲಿನಲ್ಲಿ ಇವೆಲ್ಲವೂ ಆಗುತ್ತವೆ. ಕಾರು ತನ್ನ 37 ಕುದುರೆಗಳಲ್ಲಿ ಕಳೆದುಹೋದವುಗಳನ್ನು ಮರಳಿ ಪಡೆಯುತ್ತದೆ. ಊರಿನ ಮೇಸ್ತ್ರಿಗೂ ಕೆಲಸ ಸಿಗುತ್ತದೆ. ಕಾನೂನಿಗೂ ಅಂಜಬೇಕಾಗಿಲ್ಲ. ಹಳೆಯದನ್ನು ಉಳಿಸುವುದೆಂದರೆ ಇದು.

ಅಷ್ಟಾದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ: ಇಷ್ಟು ಅವಸರವೇಕೆ? 2017ರ ಬಜೆಟ್ಟಿನಲ್ಲಿ ತಿಕೋಟಾ ಮತ್ತು ಬಬಲೇಶ್ವರಗಳನ್ನು ಹೊಸ ತಾಲ್ಲೂಕುಗಳೆಂದು ಘೋಷಿಸಿದ್ದು ಜನರು ಪ್ರತಿಯೊಂದು ಕಾಗದಕ್ಕೂ ವಿಜಯಪುರಕ್ಕೆ ಓಡುವುದು ತಪ್ಪಲೆಂದು. ತಾಲ್ಲೂಕು ಕೇಂದ್ರದಲ್ಲಿಯೇ ಕಚೇರಿ, ಆಸ್ಪತ್ರೆ, ಕಾಲೇಜು ಪೂರ್ಣವಾಗಿ ನಡೆದರೆ ಉಳಿಯುವುದು ನಾಲ್ಕು ನಿಮಿಷವಲ್ಲ, ಇಡೀ ಪ್ರಯಾಣ. ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮದ ಒಂದು ಬಸ್ಸು ಐವತ್ತು ಜನರನ್ನು ಕೂರಿಸಿಕೊಂಡು ಹೋಗುತ್ತದೆ. 2023ರ ಜೂನ್‌ನಿಂದ ರಾಜ್ಯದ ಮಹಿಳೆಯರಿಗೆ ಸಾಮಾನ್ಯ ಬಸ್ಸಿನ ಪ್ರಯಾಣ ಉಚಿತವೂ ಆಗಿದೆ. ಬೆಳಗಿನ ಕಾಲೇಜಿನ ಹೊತ್ತಿಗೆ ಇನ್ನೊಂದು ಬಸ್ಸು ಬೇಕೆಂದು ಗ್ರಾಮಸಭೆಯಲ್ಲಿ ಎತ್ತಿದ ಒಂದು ದನಿ ನೂರು ಟರ್ಬೊಗಳಿಗಿಂತ ಹೆಚ್ಚು ಜನರನ್ನು ಊರು ತಲುಪಿಸುತ್ತದೆ. ಮಲೆನಾಡಿನ ಹಳ್ಳಿಗಳಿಗೂ ಈ ಮಾತು ಅಷ್ಟೇ ಸಲ್ಲುತ್ತದೆ.

ವಿದ್ಯಾರ್ಥಿಗಳಿಗೆ ಇಲ್ಲೊಂದು ಅಭ್ಯಾಸವಿದೆ. ತಮ್ಮ ಊರಿನಿಂದ ತಾಲ್ಲೂಕು ಕೇಂದ್ರಕ್ಕೆ ಎಷ್ಟು ಕಿಲೋಮೀಟರ್, ವೇಗ ಹೆಚ್ಚಿಸಿದರೆ ಎಷ್ಟು ನಿಮಿಷ ಉಳಿಯುತ್ತದೆ, ಅದಕ್ಕೆ ಎಷ್ಟು ಲೀಟರ್ ಹೆಚ್ಚು ಉರಿಯುತ್ತದೆ ಎಂದು ಒಂದು ಹಾಳೆಯಲ್ಲಿ ಲೆಕ್ಕ ಹಾಕಲಿ. ಗಂಟೆಗೆ 60 ಕಿ.ಮೀ.ಯಿಂದ 80ಕ್ಕೆ ಏರಿದರೆ ಬ್ರೇಕು ಹಿಡಿದ ಮೇಲೆ ಕಾರು ನಿಲ್ಲಲು ಬೇಕಾದ ದೂರ ಹೆಚ್ಚು ಕಡಿಮೆ ಒಂದೂಮುಕ್ಕಾಲು ಪಟ್ಟಾಗುತ್ತದೆ ಎಂಬುದನ್ನೂ ಆ ಹಾಳೆಯ ಕೆಳಗೆ ಬರೆದುಕೊಳ್ಳಲಿ. ಬಳಿಕ ಆ ಹಾಳೆಯನ್ನು ಟರ್ಬೊವಿನ ಕನಸು ಕಾಣುವ ಅಣ್ಣನ ಕೈಗೆ ಕೊಡಲಿ.

ವಿಜಯಪುರದ ಗಂಜ್ ಗೋಪುರಗಳು ಶತಮಾನಗಳಿಂದ ಒಂದೇ ಮಾತನ್ನು ಹೇಳುತ್ತ ನಿಂತಿವೆ: ಪಾತ್ರೆಯ ಬಲವನ್ನು ಅರಿತು ಒತ್ತಡವನ್ನು ಇಡು. ಹಳೆಯ ಕಾರಿಗೆ ಸಲ್ಲುವ ಈ ಮಾತು ಬತ್ತಿದ ಕೊಳವೆಬಾವಿಗೂ ಸಲ್ಲುತ್ತದೆ, ಬೆಟ್ಟ ಬಗೆದು ಅಗಲಗೊಳ್ಳುತ್ತಿರುವ ಘಾಟಿ ರಸ್ತೆಗೂ ಸಲ್ಲುತ್ತದೆ, ಎಲ್ಲವನ್ನೂ ಹೊತ್ತ ಈ ನೆಲಕ್ಕೂ ಸಲ್ಲುತ್ತದೆ. ನೆಲವೆಂಬ ಪಾತ್ರೆಯನ್ನು ಬದಲಿಸಲು ಗುಜರಿಯಲ್ಲಿ ಬೇರೆ ಬಿಡಿಭಾಗ ದೊರೆಯುವುದಿಲ್ಲ.